ಕಮೊಡೋರ್‌ಗೆ ದನಿ ಬಂತು

ಹ್ಯಾನೋವರ್,
ಭಾನುವಾರ

ಪ್ರೀತಿಯ ಅಪ್ಪ, ಅಮ್ಮ,

ಕಮೊಡೋರ್ 64ರಲ್ಲಿ ಕೊನೆಗೂ ಸದ್ದು ಬಂತು! ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಬರೆಯುತ್ತೇನೆ.

ಇದು 1982ರಲ್ಲಿ ಬಂದ ಕಂಪ್ಯೂಟರ್. ಸದ್ದಿಗೆಲ್ಲ ಒಂದೇ ಚಿಪ್, ಹೆಸರು ಸಿಡ್. ಬಾಬ್ ಯಾನಸ್ ಎಂಬ ಎಂಜಿನಿಯರ್ ಮಾಡಿದ್ದು. ಮೂರು ಸ್ವರ ಒಟ್ಟಿಗೆ ನುಡಿಸುತ್ತದೆ. ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು, ಹಾಗಾಗಿ ಸಿಂಥಸೈಜರ್ ಮಾಡುವವರು ಹಳೆಯ ಬೋರ್ಡುಗಳಿಂದಲೇ ಇದನ್ನು ಕಿತ್ತುಕೊಳ್ಳುತ್ತಾರೆ. ನನಗೆ ಸಿಕ್ಕ ಬೋರ್ಡಿನಲ್ಲೂ ಯು18 ಎಂದು ಬರೆದಿರುವ ಜಾಗ ಖಾಲಿ. ಉಳಿದದ್ದೆಲ್ಲ ಸರಿಯಿತ್ತು, ಸದ್ದು ಮಾತ್ರ ಇಲ್ಲ.

ಅಪ್ಪ, ಇದು ನಿಮಗೆ. ಚಿಪ್ಪನ್ನು ನೇರವಾಗಿ ಬೆಸೆಯಲಿಲ್ಲ. 28 ಕಾಲಿನ ಐಸಿ ಬೇಸ್, ಅಂದರೆ ಚಿಪ್ಪನ್ನು ಒತ್ತಿ ಕೂರಿಸುವ ಸಾಕೆಟ್, ಹಾಕಿದೆ. ಅಷ್ಟು ಹಳೆಯ ಚಿಪ್ಪಿಗೆ ಬಿಸಿ ತಾಗಿಸುವುದು ಯಾಕೆ, ಅಲ್ವಾ? ತೂತುಗಳಲ್ಲಿ ಹಳೆಯ ಸೋಲ್ಡರ್ ಗಟ್ಟಿಯಾಗಿ ಕೂತಿತ್ತು. ಅದರ ಮೇಲೆ ಸ್ವಲ್ಪ ಹೊಸ ಸೋಲ್ಡರ್ ಕರಗಿಸಿ ಪಂಪಿನಲ್ಲಿ ಎಳೆದೆ, ಸಲೀಸಾಗಿ ಬಂತು. 14ನೇ ಕಾಲಿನ ತೂತು ಮಾತ್ರ ಹಟ ಮಾಡಿತು. ಅದು ಗ್ರೌಂಡ್. ಸುತ್ತಲಿನ ಅಗಲವಾದ ತಾಮ್ರ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಅಲ್ಲಿ ಸೋಲ್ಡರಿಂಗ್ ಐರನ್‌ಗೆ ದಪ್ಪ ಬಿಟ್ (ತುದಿ) ಹಾಕಿ ತಾಳ್ಮೆಯಿಂದ ಕಾಯಬೇಕು. ಒತ್ತಿದರೆ ತೂತಿನ ಸುತ್ತಲಿನ ತಾಮ್ರದ ಪ್ಯಾಡೇ ಎದ್ದು ಬರುತ್ತದೆ.

ಚಿಪ್ ಕೂರಿಸುವ ಮೊದಲು ಮೀಟರ್ ಇಟ್ಟು ನೋಡಿದೆ. 25ನೇ ಕಾಲಿನಲ್ಲಿ 5 ವೋಲ್ಟ್, 28ರಲ್ಲಿ 12. ಇದು ಬಹಳ ಮುಖ್ಯ. ಸಿಡ್‌ನಲ್ಲಿ ಎರಡು ಬಗೆ. ಹಳೆಯ 6581ಕ್ಕೆ 12 ವೋಲ್ಟ್ ಬೇಕು, ಆಮೇಲೆ ಬಂದ 8580ಕ್ಕೆ 9. ಕಾಲುಗಳು ಒಂದೇ ಥರ ಇರುವುದರಿಂದ ತಪ್ಪು ಚಿಪ್ಪೂ ಸುಮ್ನೆ ಕೂತುಬಿಡುತ್ತದೆ. 12 ವೋಲ್ಟಿನ ಬೋರ್ಡಿಗೆ 8580 ಹಾಕಿದರೆ ಸುಟ್ಟೇ ಹೋಗಬಹುದು. ಫಿಲ್ಟರಿನ ಕೆಪಾಸಿಟರ್‌ಗಳೂ ಬೇರೆ ಬೇರೆ: ಹಳೆಯ ಬೋರ್ಡಿನಲ್ಲಿ 470 ಪಿಕೋಫ್ಯಾರಡ್, ಹೊಸದರಲ್ಲಿ 22 ನ್ಯಾನೋಫ್ಯಾರಡ್. ಹಾಗಾಗಿ 6581ನ್ನೇ ಹುಡುಕಿದೆ. ಮಾರುವವರ ಮನೆಯಲ್ಲೇ ಇನ್ನೊಂದು ಮೆಷಿನ್‌ಗೆ ಹಾಕಿಸಿ ಕೇಳಿದ ಮೇಲೆ ದುಡ್ಡು ಕೊಟ್ಟೆ. ನಂಬರ್ ಅಳಿಸಿ ಬೇರೆ ನಂಬರ್ ಒತ್ತಿದ ನಕಲಿಗಳು ಜಾಸ್ತಿ.

ಅಮ್ಮ, ಈಗ ನಿನ್ನ ವಿಷಯ. ಮೂರು ಸ್ವರ ಎಂದೆನಲ್ಲ, ಅದರಲ್ಲಿ ನಿನ್ನ ಶ್ರುತಿ ಇಟ್ಟೆ. ಈ ಚಿಪ್ಪಿಗೆ ಸ್ವರವನ್ನು ಅಂಕಿಯಲ್ಲಿ ಹೇಳಬೇಕು, 0ಯಿಂದ 65535ರವರೆಗೆ. ಯುರೋಪಿನ ಮೆಷಿನ್‌ನಲ್ಲಿ ಐದೂವರೆ ಶ್ರುತಿಯ ಸ ಅಂದರೆ 3536. ಅದರ ಒಂದೂವರೆ ಪಟ್ಟು 5304, ಅದೇ ಪ. ಎರಡು ಪಟ್ಟು 7072, ಮೇಲಿನ ಸ. ಹಾರ್ಮೋನಿಯಂನ ಪ ಕೂದಲೆಳೆಯಷ್ಟು ಇಳಿದಿರುತ್ತದೆ. ಇಲ್ಲಿ ಲೆಕ್ಕ ಚೊಕ್ಕ. ಮೂರನ್ನೂ ಒಟ್ಟಿಗೆ ಬಿಟ್ಟಾಗ ಮಲ್ಲೇಶ್ವರದ ಮನೆಯ ಬೆಳಗಿನ ಪಾಠ ನೆನಪಾಗಿ ತುಂಬಾ ಹೊತ್ತು ಕೇಳುತ್ತಾ ಕೂತೆ. ಆದರೆ ತಂಬೂರಿಯ ದಾರ ಸರಿಸಿದಾಗ ಏಳುವ ಆ ಝೇಂಕಾರ ಇದರಲ್ಲಿಲ್ಲ. ನಮ್ಮ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದು ಎಷ್ಟು ದೊಡ್ಡ ಕೆಲಸ ಎಂದು ಈಗ ಗೊತ್ತಾಗುತ್ತಿದೆ.

ಅಪ್ಪ, ಎಸ್‌ಪಿ ರೋಡ್ ಕಡೆ ಹೋದರೆ ಗುಂಡು ತೂತಿನ 28 ಕಾಲಿನ ಬೇಸ್ ನಾಲ್ಕೈದು ತೆಗೆದಿಡಿ. ಅಗಲದ್ದೇ ಆಗಬೇಕು, ಎರಡು ಸಾಲಿನ ನಡುವೆ 15.24 ಮಿಲಿಮೀಟರ್. ಕಿರಿದಾದದ್ದೂ ಬರುತ್ತದೆ, ನೋಡಿ ತಗೊಳ್ಳಿ. ಅತ್ತಿಗೆ ಬರುವಾಗ ಕೊಟ್ಟು ಕಳಿಸಿ. ಅಮ್ಮ, ರೆಕಾರ್ಡಿಂಗನ್ನು ಅಣ್ಣನ ಫೋನಿಗೆ ಕಳಿಸಿದ್ದೇನೆ. ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಂಡು ಕೇಳು. ಪ ಸರಿಯಾಗಿ ಕೂತಿದೆಯಾ ಹೇಳು.

ನಿಮ್ಮ ಮಗ