180 ಜನಕ್ಕೊಬ್ಬ ಮೇಯರ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಿವು,

ಅಲ್ಲೂ ಪಂಚಾಯ್ತಿ ಇದೆಯೇನೋ ಅಂತ ಕೇಳಿದ್ದೆಯಲ್ಲ. ಇದೆ ಮಾರಾಯ, ಸ್ವಲ್ಪ ಜಾಸ್ತಿಯೇ ಇದೆ. ಮಧ್ಯ ಫ್ರಾನ್ಸಿನ ಕ್ರೂಸ್ ಜಿಲ್ಲೆಯ ಈ ನಮ್ಮೂರಲ್ಲಿ ಇರುವುದು ಸುಮಾರು 180 ಜನ. ಅಷ್ಟಕ್ಕೇ ಒಬ್ಬ ಮೇಯರ್, ಅವರೂ ಸೇರಿ 11 ಜನರ ಕೌನ್ಸಿಲ್. ನಮ್ಮ ಪಂಚಾಯ್ತಿ ಥರದ್ದಕ್ಕೆ ಇಲ್ಲಿ ಕಮ್ಯೂನ್ ಅಂತಾರೆ, ದೇಶದಲ್ಲಿ ಅಂಥವು ಹತ್ತಿರ ಹತ್ತಿರ 35,000. ಅರ್ಧಕ್ಕಿಂತ ಜಾಸ್ತಿ ಊರುಗಳಲ್ಲಿ 500 ಜನವೂ ಇಲ್ಲ. ಈಶಾನ್ಯ ಫ್ರಾನ್ಸಿನ ವೆರ್ದನ್ ಹತ್ತಿರ ಮೊದಲ ಮಹಾಯುದ್ಧದ 1916ರ ಕಾಳಗದಲ್ಲಿ ನೆಲಸಮವಾದ ಆರು ಊರುಗಳಲ್ಲಂತೂ ನರಪಿಳ್ಳೆಯೂ ಇಲ್ಲ. ಅವಕ್ಕೂ ಮೇಯರ್ ಕೆಲಸ ನೋಡಿಕೊಳ್ಳಲು ಸರ್ಕಾರ ಒಬ್ಬರನ್ನು ನೇಮಿಸುತ್ತದೆ!

ನಮ್ಮ ಮೇಯರ್ ದನ ಸಾಕುವ ರೈತ. ಮೊನ್ನೆ ಒಂದು ಮದುವೆ ಮಾಡಿಸಿದರು. ಇಲ್ಲಿ ಚರ್ಚಿಗೆ ಹೋಗುವ ಮುಂಚೆ ಮೇಯರ್ ಎದುರು ಮದುವೆ ಆಗಲೇಬೇಕು, ಕಾನೂನಿಗೆ ಅದೊಂದೇ ಲೆಕ್ಕ. ಬೂಟಿನ ಕೆಸರು ಒರೆಸಿಕೊಂಡು ಬಂದರು, ನೀಲಿ ಬಿಳಿ ಕೆಂಪು ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡರು, ಗಂಡ ಹೆಂಡಿರ ಕರ್ತವ್ಯದ ಕಲಮುಗಳನ್ನು ಗಟ್ಟಿಯಾಗಿ ಓದಿದರು. ಅಷ್ಟು ಹೊತ್ತೂ ಬಾಗಿಲು ತೆರೆದೇ ಇತ್ತು. ಯಾರಿಗಾದರೂ ತಕರಾರಿದ್ದರೆ ಒಳಗೆ ಬಂದು ಹೇಳಲಿ ಅಂತ, ಮುಚ್ಚುವ ಹಾಗೇ ಇಲ್ಲವಂತೆ. ತಕರಾರು ಬರಲಿಲ್ಲ, ಚಳಿಗಾಳಿ ಚೆನ್ನಾಗಿ ಬಂತು.

ಕಚೇರಿ ತೆಗೆಯುವುದು ವಾರಕ್ಕೆರಡು ಬೆಳಗ್ಗೆ. ಒಬ್ಬರೇ ಕಾರ್ಯದರ್ಶಿ, ಪಕ್ಕದೂರಿಗೂ ಅವರೇ. ಯಾವ ಅರ್ಜಿ ಎಲ್ಲಿಗೆ ಹೋಗಬೇಕು ಅನ್ನುವುದೆಲ್ಲ ಅವರ ತಲೆಯಲ್ಲಿದೆ. ನನ್ನ ಕೇಳಿದರೆ ಊರು ನಡೆಸುವುದು ಆ ಹೆಂಗಸೇ. ಕಸ ಎತ್ತುವಂಥ ಕೆಲಸಗಳು ಈಗ ಹತ್ತಾರು ಕಮ್ಯೂನ್‌ಗಳ ಒಕ್ಕೂಟದ ಕೈಗೆ ಹೋಗಿವೆ. ಆದರೆ ಕಸದ ಗಾಡಿ ಬರದಿದ್ದರೆ ಜನ ಹೋಗಿ ಬಾಗಿಲು ಬಡಿಯುವುದು ಮೇಯರ್ ಮನೆಯದ್ದೇ. ಅಧಿಕಾರ ಅಲ್ಲಿ, ಬೈಗುಳ ಇಲ್ಲಿ. ಇನ್ನೊಂದು ಅವಧಿಗೆ ನಿಲ್ಲಲು ಇಂಥ ಊರುಗಳ ಮೇಯರ್‌ಗಳು ಯಾಕೆ ಹಿಂದೆಮುಂದೆ ನೋಡುತ್ತಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ನನಗಿಲ್ಲಿ ಓಟಿಲ್ಲ. ಹೊರದೇಶದವರಲ್ಲಿ ಯೂರೋಪ್ ಒಕ್ಕೂಟದವರಿಗೆ ಮಾತ್ರ ಇದೆ. ಆದರೆ ಎಣಿಕೆ ಎಲ್ಲರೆದುರಲ್ಲೇ ನಡೆಯುವುದರಿಂದ 2020ರ ಮಾರ್ಚಿನಲ್ಲಿ ಸುಮ್ನೆ ಹೋಗಿ ನಿಂತಿದ್ದೆ. ಆಗ 1,000ಕ್ಕಿಂತ ಕಮ್ಮಿ ಜನರಿದ್ದ ಊರಲ್ಲಿ ಒಂದು ಸೊಗಸಾದ ಪದ್ಧತಿ ಇತ್ತು. ಚೀಟಿಯಲ್ಲಿ ನಿನಗಾಗದವನ ಹೆಸರಿದ್ದರೆ ಪೆನ್ನಲ್ಲಿ ಗೀಚಿ ಹಾಕಬಹುದಿತ್ತು. ಒಂದೊಂದೇ ಚೀಟಿ ಬಿಚ್ಚಿ, ಉಳಿದ ಹೆಸರುಗಳನ್ನು ಕೂಗಿ ಓದುತ್ತಿದ್ದರು. ಯಾವ ಹೆಸರು ಕೂಗಲಿಲ್ಲ ಅಂತ ಎಲ್ಲರ ಕಿವಿಯೂ ನೆಟ್ಟಗಿತ್ತು.

2025ರ ಕಾನೂನು ಅದಕ್ಕೆ ಕಲ್ಲು ಹಾಕಿತು. 2026ರ ಚುನಾವಣೆಯಿಂದ ಓಟು ಇಡೀ ಪಟ್ಟಿಗೇ. ಪಟ್ಟಿಯಲ್ಲಿ ಒಂದು ಹೆಣ್ಣು, ಒಂದು ಗಂಡು, ಹೀಗೆ ಸಾಲಾಗಿ ಹೆಸರಿರಬೇಕು. ಹೆಸರು ಗೀಚಿದರೆ ಓಟೇ ಕುಲಗೆಟ್ಟಿತು. ಹೆಂಗಸರಿಗೆ ಜಾಗ ಸಿಕ್ಕಿದ್ದು ಒಳ್ಳೆಯದೇ, ಅಲ್ವಾ? ಪಕ್ಕದ ಮನೆಯ ಮುದುಕನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಬೇಲಿ ಜಗಳದ ಸೇಡನ್ನು ಆರು ವರ್ಷಕ್ಕೊಮ್ಮೆ ಚೀಟಿಯಲ್ಲೇ ತೀರಿಸಿಕೊಳ್ಳುತ್ತಿದ್ದೆ, ಈಗ ನೇರವಾಗಿ ಮಾತಾಡಬೇಕಂತೆ ಅಂತ ಗೊಣಗುತ್ತಾನೆ.

ನಿನ್ನ,
ರಾಘು