ನಾಲ್ಕನೇ ಪಟ್ಟಿ ಬಂತು, ಋಣ ಹೇಳಬೇಕು

ಹೋದ ವಾರ ಭುಜಕ್ಕೆ ನಾಲ್ಕನೇ ಪಟ್ಟಿ ಬಂತು. ಬೈತಖೋಲದ ತಾಂಡೇಲನ (ಮೀನು ಬೋಟ್ ನಡೆಸುವವನ) ಮಗ ಈಗ ವಿಮಾನದ ಕ್ಯಾಪ್ಟನ್. ಫೋನ್ ಮಾಡಿದವರಿಗೆಲ್ಲ ಬೇರೆ ಬೇರೆ ಹೇಳಲಾಗದೆ ಇಲ್ಲೇ ಬರೆಯುತ್ತಿದ್ದೇನೆ.

ಸಾಲಕ್ಕೆ ಜಾಮೀನು ನಿಂತ ಮಾವ, ಕಾರವಾರದಲ್ಲಿ ದುಡ್ಡು ತಗೊಳ್ಳದೆ ಫಿಸಿಕ್ಸ್ ಹೇಳಿಕೊಟ್ಟ ಸರ್, ಸಿಮ್ಯುಲೇಟರ್‌ನಲ್ಲಿ (ನೆಲದ ಮೇಲಿನ ನಕಲಿ ಕಾಕ್‌ಪಿಟ್) ಬೆವರಿಳಿಸಿದ ಇನ್‌ಸ್ಟ್ರಕ್ಟರ್‌ಗಳು, ಮೂರು ತಿಂಗಳು ರೂಮಿನ ಬಾಡಿಗೆ ಕೇಳದೇ ಇದ್ದ ಗೆಳೆಯರು, ಎಲ್ಲರಿಗೂ ಕೈಮುಗಿದೆ. ಮಾವಾ, ಒಂದೇ ಸಾಲಲ್ಲಿ ಮುಗಿಸಿದ ಅಂತ ಬೇಜಾರಾಗಬೇಡಿ, ಮನೆಗೆ ಬಂದು ಹೇಳ್ತೇನೆ.

ಉಳಿದ ಜಾಗ ಒಬ್ಬರಿಗೆ. ಹೆಸರು ಹಾಕಿದರೆ ಬೈಯುತ್ತಾರೆ. ಧಾರವಾಡದ ಕಡೆಯ ಹಿರಿಯ ಕ್ಯಾಪ್ಟನ್, ನಮಗೆಲ್ಲ ಮೇಡಂ.

ನಾನು ಸಹಪೈಲಟ್ ಆಗಿದ್ದಾಗ ಮಳೆಗಾಲದಲ್ಲಿ ಹದ ತಪ್ಪಿದ ಆ ಲ್ಯಾಂಡಿಂಗ್ ನಿಮಗೆ ಗೊತ್ತಿದ್ದದ್ದೇ. ಯಾರಿಗೂ ಪೆಟ್ಟಾಗಲಿಲ್ಲ, ರನ್‌ವೇ ಮುಗಿಯುವ ಮೊದಲು ನಿಂತೆವು, ತನಿಖೆ ಮುಗಿಯುವವರೆಗೆ ಇಬ್ಬರನ್ನೂ ಹಾರಾಟದಿಂದ ಇಳಿಸಿದರು. ನಿಮಗೆ ಗೊತ್ತಿಲ್ಲದ್ದು ಇಷ್ಟು: ನಾನು ಸುಮ್ಮನಿದ್ದೆ. ಅವತ್ತು ಹಾರಿಸುತ್ತಿದ್ದವರು ಕ್ಯಾಪ್ಟನ್. ಮೀಟರ್ ನೋಡುತ್ತ, ತಪ್ಪು ಕಂಡರೆ ಹೇಳುವುದು ನನ್ನ ಕೆಲಸ. ಮೋಡದಲ್ಲಿ ಇಳಿಯುವಾಗ ಸಾವಿರ ಅಡಿಗೆ ಬರುವಷ್ಟರಲ್ಲಿ ವೇಗ, ಇಳಿತ ಎಲ್ಲ ಹದಕ್ಕೆ ಬಂದಿರಬೇಕು. ಇಲ್ಲದಿದ್ದರೆ ಗೋ ಅರೌಂಡ್, ಮತ್ತೆ ಮೇಲಕ್ಕೆ. ವೇಗ ಹೆಚ್ಚಿತ್ತು. ನನಗೆ ಕಂಡಿತ್ತು. ಬಾಯಿಗೆ ಬಂದದ್ದು 'ಸರ್...' ಅಷ್ಟೇ. ಅವರು ಕೆಟ್ಟವರೇನಲ್ಲ, ಮನೆಯ ಡಬ್ಬಿ ಬಿಚ್ಚಿದರೆ ಅರ್ಧ ನನಗೇ. ಅದಕ್ಕೇ ಇನ್ನೂ ಕಷ್ಟವಾಯಿತು.

ಆ ರಾತ್ರಿ ಹೋಟೆಲಿನಲ್ಲಿ ಮೇಡಂ ಎರಡು ಲೋಟ ಚಹಾ ಹಿಡಿದು ಬಂದರು. ನಾಲ್ಕು ಗಂಟೆಯವರೆಗೆ ಕೂತರು. (ಮರುದಿನ ಅವರಿಗೆ ರಜೆ ಇತ್ತು. ಡ್ಯೂಟಿ ಇದ್ದಿದ್ದರೆ ಹತ್ತಕ್ಕೇ ಎದ್ದು ಹೋಗುತ್ತಿದ್ದರು, ನಿದ್ದೆಯ ವಿಷಯದಲ್ಲಿ ಕಟ್ಟುನಿಟ್ಟು.) ನಾನು ಅತ್ತುಬಿಟ್ಟೆ. ಫೋನಿನಲ್ಲಿ ರಾಜೀನಾಮೆ ಬರೆದಿಟ್ಟಿದ್ದೆ, ತೋರಿಸಿದೆ. ಅವರು ಸಮಾಧಾನ ಮಾಡಲಿಲ್ಲ. ಮಂಗಳೂರಿನ ವಿಮಾನ ದುರಂತದ ಮಾತು ತೆಗೆದರು. 2010ರ ಮೇ 22, ಸತ್ತವರು 158 ಜನ. ಸಹಪೈಲಟ್ 'ಗೋ ಅರೌಂಡ್' ಅಂದದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿದೆ.

"ಅಂವಾ ಅಂದಾನ, ತಮ್ಮಾ. ನೀ ಅನ್ನಲೇ ಇಲ್ಲ."

ಬರೆಯುವಾಗ ಈಗಲೂ ಕೈ ನಡುಗುತ್ತದೆ. ಹೊರಗೆ ಹೋಗಿ ಎನ್ನಬೇಕೆನಿಸಿತ್ತು. ಅವರು ಏಳಲಿಲ್ಲ. ಸುಮಾರು ಹೊತ್ತಿನ ಮೇಲೆ ಕೇಳಿದರು: "ನಿಮ್ಮಪ್ಪನ ಬೋಟಿನ್ಯಾಗ ಖಲಾಸಿಗೆ ಮುಂದ ಕಲ್ಲು ಕಂಡ್ರ ಏನಂತಾನ?" ಅಳುವಿನ ನಡುವೆ ನಗು ಬಂತು. ದೇವಗಡ ದ್ವೀಪದ ಆಸುಪಾಸು ಕತ್ತಲಲ್ಲಿ ಬಂಡೆ ಕಂಡರೆ ಮೊನ್ನೆ ಸೇರಿದ ಹುಡುಗನೂ ಅಪ್ಪನಿಗೆ ಏಕವಚನದಲ್ಲೇ ಕೂಗುತ್ತಾನೆ. ಬಂದರಿಗೆ ಬಂದ ಮೇಲೆ ಮತ್ತೆ 'ತಾಂಡೇಲರೇ'.

ಊರಿಗೆ ಬಂದಾಗ ಮೀನುಗಾರಿಕೆ ನಿಷೇಧದ ಕಾಲ, ಜುಲೈ 31ರವರೆಗೆ ಬೋಟೆಲ್ಲ ದಡದಲ್ಲಿ. ಅಪ್ಪ ಏನೂ ಕೇಳದೆ ಬಲೆ ಹೊಲಿಯುವ ಸೂಜಿ ಕೈಗೆ ಕೊಟ್ಟ.

ತನಿಖೆ ಮುಗಿದ ಮೇಲೆ ಸಿಮ್ಯುಲೇಟರ್‌ನಲ್ಲಿ ಎಡಗಡೆ ಸೀಟಿಗೆ ಮೇಡಂ ಅವರೇ ಬಂದು ಕೂತರು. ಬೇಕೆಂದೇ ಜೋರಾಗಿ ಇಳಿಸತೊಡಗಿದರು. 'ಸ್ಪೀಡ್' ಅಂದೆ. ಮಾತಿಲ್ಲ. ಮತ್ತೆ ಅಂದೆ. ಮಾತಿಲ್ಲ. ಎರಡು ಸಲ ಹೇಳಿದರೂ ಉತ್ತರ ಬರದಿದ್ದರೆ ಪಕ್ಕದವರಿಗೆ ಎಚ್ಚರ ತಪ್ಪಿದೆ ಎಂದೇ ತಿಳಿದು ವಿಮಾನ ಕೈಗೆ ತೆಗೆದುಕೊಳ್ಳಬೇಕು ಎಂಬ ಪಾಠ ಬಾಯಿಪಾಠವಾಗಿತ್ತು, ಮಾಡಿ ಗೊತ್ತಿರಲಿಲ್ಲ. 'ಐ ಹ್ಯಾವ್ ಕಂಟ್ರೋಲ್' ಎನ್ನುವಾಗ ಧ್ವನಿ ಒಡೆಯಿತು. "ಇನ್ನೊಮ್ಮೆ," ಅಂದರು. ಹನ್ನೊಂದು ಸಲ ಮಾಡಿಸಿದರು.

ಮೊನ್ನೆ ನನ್ನ ಪಕ್ಕ ಕೂತ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್, ಹೊಸ ಹುಡುಗಿ. ಇಳಿಯುವಾಗ 'ಕ್ಯಾಪ್ಟನ್, ಸ್ಪೀಡ್' ಅಂದಳು. ಒಂದು ಕ್ಷಣ ಮೈ ಉರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಮೀಟರ್ ನೋಡಿದೆ. ಅವಳು ಹೇಳಿದ್ದು ಸರಿ. 'ಚೆಕ್ಡ್' ಎಂದು ಸರಿಮಾಡಿಕೊಂಡೆ. ಎಂಜಿನ್ ಆರಿಸಿದ ಮೇಲೆ ಥ್ಯಾಂಕ್ಸ್ ಅಂದರೆ, ಯಾಕೆಂದು ಅವಳಿಗೆ ತಿಳಿಯಲೇ ಇಲ್ಲ.

ಮೇಡಂ, ಆಗಸ್ಟಿನಲ್ಲಿ ಬೋಟ್ ಇಳಿದ ಮೇಲೆ ನೀವು ಕಾರವಾರಕ್ಕೆ ಊಟಕ್ಕೆ ಬರಲೇಬೇಕು. ಆಯಿ ಈಗಲೇ ಬಂಗಡೆ, ಇಸೋಣ ಅಂತ ಲೆಕ್ಕ ಹಾಕುತ್ತಿದ್ದಾಳೆ. ನೀವು ಮೀನು ತಿನ್ನುವುದಿಲ್ಲ ಅಂತ ಅವಳಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.