ನಡೆಯದ ಸಭೆಗೆ ನನ್ನ ಸಹಿ

ಸಂಪಾದಕರೇ,

ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ತಿಂಗಳಿಗೆ ಎರಡಾದರೂ ಇಂಥ ಫೋಟೊ ಬರುತ್ತದೆ. ಯಾವುದೋ ಪ್ರತಿಷ್ಠಾನ, ನೈತಿಕ ಮೌಲ್ಯಗಳ ಬಗ್ಗೆ ಪ್ರಬಂಧ ಸ್ಪರ್ಧೆ, ವೇದಿಕೆ ಮೇಲೆ ಹಾರ ಹಾಕಿಕೊಂಡ ಒಂಬತ್ತು ಜನ ದೊಡ್ಡವರು, ಮೂಲೆಯಲ್ಲಿ ಬಹುಮಾನ ಹಿಡಿದ ಒಂದು ಮಗು. ಅಂಥ ಒಂಬತ್ತು ಜನರಲ್ಲಿ ನಾನೂ ಒಬ್ಬಳಾಗಿ ಮೂರು ವರ್ಷ ಕೂತಿದ್ದೆ. ಅದಕ್ಕೇ ಈ ಪತ್ರ.

ನಾನು ಲೋಕಲ್ ಆಡಿಟ್‌ನಲ್ಲಿ 34 ವರ್ಷ ಕೆಲಸ ಮಾಡಿದವಳು. ಗ್ರಾಮ ಪಂಚಾಯಿತಿ, ಪುರಸಭೆ, ಎಪಿಎಂಸಿ ಅಂತ ಊರೂರು ಸುತ್ತಿ ವೋಚರ್ ನೋಡಿದ್ದೇನೆ. ರಿಟೈರ್ ಆದ ಎರಡನೇ ತಿಂಗಳಿಗೇ ಒಬ್ಬ ಹಿರಿಯರು ಮನೆಗೆ ಬಂದರು. ಕೈಯಲ್ಲಿ ಹಣ್ಣು. 'ಹೈಸ್ಕೂಲು ಮಕ್ಕಳಿಗೆ ನೀತಿ ಹೇಳಿಕೊಡೋ ಟ್ರಸ್ಟ್ ನಮ್ಮದು ತಾಯಿ. ನಿಮ್ಮಂಥ ಕೈ ಶುದ್ಧ ಇರೋರು ಬೇಕು' ಅಂದರು. ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ? ಒಪ್ಪಿಕೊಂಡೆ. ಮೊದಲು ಸಲಹೆಗಾರಳು. ಆರು ತಿಂಗಳಲ್ಲಿ ಒಬ್ಬ ಟ್ರಸ್ಟಿ ಮಗನ ಜೊತೆ ಇರೋಕೆ ಅಮೆರಿಕಕ್ಕೆ ಹೋದರು, ಅವರ ಜಾಗಕ್ಕೆ ನಾನು.

ಟ್ರಸ್ಟಿನ ಲೆಟರ್‌ಹೆಡ್ ನೋಡಬೇಕಿತ್ತು ನೀವು. ಎಡಗಡೆ ಮೇಲಿಂದ ಕೆಳಗಿನವರೆಗೂ ಹೆಸರುಗಳು. ಗೌರವಾಧ್ಯಕ್ಷರು, ಮಹಾಪೋಷಕರು, ಪೋಷಕರು, ಅಧ್ಯಕ್ಷರು, ಟ್ರಸ್ಟಿಗಳು, ಆಮೇಲೆ ಸಲಹಾ ಮಂಡಳಿ ಅಂತ ಹದಿನಾಲ್ಕು ಜನ. ನಿವೃತ್ತ ನ್ಯಾಯಾಧೀಶರು, ಡಾಕ್ಟರು, ಇಬ್ಬರು ಮಾಜಿ ಕುಲಪತಿಗಳು. ಕಾಗದ ಬರೆಯೋಕೆ ಬಲಗಡೆ ಸ್ವಲ್ಪ ಜಾಗ ಉಳಿದಿತ್ತು ಅಷ್ಟೆ. ಆ ಹದಿನಾಲ್ಕರಲ್ಲಿ ಒಬ್ಬರು ತೀರಿಕೊಂಡು ಒಂದೂವರೆ ವರ್ಷ ಆಗಿತ್ತು. ಅವರ ಹೆಂಡತಿಯೇ ಫೋನ್ ಮಾಡಿ ತೆಗೆಸಿ ಅಂತ ಕೇಳಿಕೊಂಡಿದ್ದರಂತೆ. ಸಾವಿರ ಹಾಳೆ ಮುದ್ರಿಸಿಬಿಟ್ಟಿದ್ದಾರೆ, ಸ್ಟಾಕ್ ಮುಗಿಯಲಿ ಅಂತ ಕಾಯುತ್ತಿದ್ದರು!

ಸಭೆಗಳಿಗೆ ಈ ಸಲಹೆಗಾರರಲ್ಲಿ ಒಬ್ಬರೂ ಬಂದದ್ದನ್ನು ನಾನು ಕಾಣೆ. ಅವರ ತಪ್ಪೂ ಪೂರ್ತಿ ಅಲ್ಲ, ಕೆಲವರನ್ನು ಕರೆದೇ ಇರಲಿಲ್ಲ. ಟ್ರಸ್ಟ್ ಡೀಡ್, ಅಂದರೆ ಟ್ರಸ್ಟಿನ ಸ್ಥಾಪನಾ ಪತ್ರ, ತರಿಸಿ ಓದಿದೆ. ಅದರಲ್ಲಿ 'ಸಲಹೆಗಾರ' ಅನ್ನುವ ಪದವೇ ಇಲ್ಲ. ಅಂದರೆ ದಾನಿಗಳಿಗೆ ಎದ್ದು ಕಾಣುವ ಹದಿನಾಲ್ಕು ಹೆಸರಿಗೆ ಯಾವ ಜವಾಬ್ದಾರಿಯೂ ಇಲ್ಲ. ಜವಾಬ್ದಾರಿ ಇರುವುದೆಲ್ಲ ಐದು ಜನ ಟ್ರಸ್ಟಿಗಳ ತಲೆ ಮೇಲೆ. ಜನ ದುಡ್ಡು ಕೊಡುವುದು ಮಾತ್ರ ಆ ಹದಿನಾಲ್ಕು ಹೆಸರು ನೋಡಿ.

ಈಗ ಸಹಿಯ ವಿಷಯ. ಟ್ರಸ್ಟಿನ ಆಫೀಸ್ ಹುಡುಗ ಒಬ್ಬ ಸ್ಕೂಟರಿನಲ್ಲಿ ಬರುತ್ತಿದ್ದ. ಕಂಕುಳಲ್ಲಿ ಕೆಂಪು ಬಟ್ಟೆ ರಟ್ಟಿನ ನಡಾವಳಿ ಪುಸ್ತಕ. 'ಮೇಡಂ, ಇಲ್ಲೊಂದು ಸಹಿ.' ಎಲ್ಲಿ ಹಾಕಬೇಕೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿರುತ್ತಿದ್ದರು. ಮೊದಲ ಸಲ ಹಾಕಿದೆ. ಎರಡನೇ ಸಲವೂ ಹಾಕಿದೆ. ಒಲೆ ಮೇಲೆ ಹಾಲಿತ್ತು, ಓದಲಿಲ್ಲ. ಬೇರೆಯವರು ಹೀಗೆ ಹೇಳಿದ್ದರೆ ನಾನು ಆಡಿಟ್ ವರದಿಯಲ್ಲಿ ಆಕ್ಷೇಪಣೆಯ ಪ್ಯಾರಾ ಹಾಕುತ್ತಿದ್ದೆ.

ಮೂರನೇ ಸಲ ಕನ್ನಡಕ ಹಾಕಿಕೊಂಡೆ. ಹಾಜರಿದ್ದವರ ಪಟ್ಟಿಯಲ್ಲಿ ನಾಲ್ಕನೇ ಹೆಸರು ನನ್ನದು. ಸಭೆ ಸಂಜೆ 5 ಗಂಟೆಗೆ ಶುರುವಾಗಿ ವಂದನಾರ್ಪಣೆಯೊಂದಿಗೆ ಮುಗಿದಿದೆ. ಆ ದಿನ ಸಂಜೆ 5 ಗಂಟೆಗೆ ನಾನು ನಂಜನಗೂಡಿನಲ್ಲಿ ನನ್ನ ತಂಗಿ ಮೊಮ್ಮಗನ ನಾಮಕರಣದಲ್ಲಿ ಪಾಯಸ ಬಡಿಸುತ್ತಿದ್ದೆ. ಸಭೆಯಲ್ಲಿ ಮೂರು ವಿಷಯ. ಮೂರನೆಯದು, ಪ್ರಾಮಾಣಿಕತೆ ಬಗ್ಗೆ ಮಕ್ಕಳಿಗೆ ಹಂಚುವ ಪುಸ್ತಿಕೆಯನ್ನು ಅಧ್ಯಕ್ಷರ ಅಳಿಯನ ಪ್ರೆಸ್ಸಿಗೆ ಮುದ್ರಣಕ್ಕೆ ಕೊಡುವುದು. 'ಸರ್ವಾನುಮತದಿಂದ ಅಂಗೀಕರಿಸಲಾಯಿತು.'

ಅಭ್ಯಾಸಬಲ, ವೋಚರ್ ಫೈಲ್ ಕೂಡ ತರಿಸಿದೆ. ಆ ಸಭೆಯ ಉಪಾಹಾರದ ಬಿಲ್ಲು ಅದರಲ್ಲಿತ್ತು. ಹನ್ನೆರಡು ಪ್ಲೇಟು ಉಪ್ಪಿಟ್ಟು, ಹನ್ನೆರಡು ಕಾಫಿ. ನಡೆಯದ ಸಭೆಯ ಉಪ್ಪಿಟ್ಟು ಯಾರು ತಿಂದರೋ ಇವತ್ತಿಗೂ ಗೊತ್ತಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಳಿಯನ ಪ್ರೆಸ್ಸಿನ ದರ ಜಾಸ್ತಿ ಏನೂ ಇರಲಿಲ್ಲ. ಹೊರಗೆ ಎರಡು ಕಡೆ ವಿಚಾರಿಸಿದೆ, ಹೆಚ್ಚುಕಮ್ಮಿ ಅಷ್ಟೇ. ಯಾರೂ ದುಡ್ಡು ಹೊಡೆದಿರಲಿಲ್ಲ. ಹೊಡೆದಿದ್ದರೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು. ಇಲ್ಲಿ ಕಾಣೆಯಾದದ್ದು ದುಡ್ಡಲ್ಲ. ಐದು ಜನ ಎದುರುಬದುರು ಕೂತು, ಒಬ್ಬರಾದರೂ 'ಅಳಿಯನಿಗೇ ಯಾಕೆ ಸ್ವಾಮಿ?' ಅಂತ ಕೇಳಬೇಕಿತ್ತಲ್ಲ, ಆ ಅರ್ಧ ಗಂಟೆ.

ಅಧ್ಯಕ್ಷರಿಗೆ ಫೋನ್ ಮಾಡಿದೆ. 'ಎಲ್ಲ ಕಡೆ ಹೀಗೇ ಅಲ್ವಾ ತಾಯಿ? ಎಲ್ಲರೂ ದೊಡ್ಡವರು, ಟೈಮ್ ಎಲ್ಲಿ ಸಿಗುತ್ತೆ? ಸುಮ್ನೆ ಒಂದು ಸಹಿ ತಾನೆ' ಅಂದರು. ಒಳ್ಳೆಯ ಮನುಷ್ಯರೇ, ನಿಜವಾಗಿ. ಬಡ ಹುಡುಗರ ಫೀಸನ್ನು ಸ್ವಂತ ಜೇಬಿನಿಂದ ಕಟ್ಟಿದ್ದನ್ನು ನಾನೇ ನೋಡಿದ್ದೇನೆ. ನಾನು ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ 'ಈ ದಿನ ನಾನು ಸಭೆಯಲ್ಲಿ ಇರಲಿಲ್ಲ' ಅಂತ ಬರೆದು ಅದಕ್ಕೆ ಸಹಿ ಹಾಕಿದೆ. ಹಿಂದಿನ ಎರಡು ಸಭೆಗಳ ಪುಟಕ್ಕೂ ಹಾಗೇ ಬರೆದೆ. ರಾಜೀನಾಮೆ ಪತ್ರವನ್ನು ಪುಸ್ತಕದೊಳಗಿಟ್ಟು ಹುಡುಗನ ಕೈಯಲ್ಲಿ ಕಳಿಸಿದೆ. ಅವನು ಪಾಪ, ಏನೋ ಒಡೆದು ಹಾಕಿದವನ ಹಾಗೆ ನಿಂತಿದ್ದ.

ಆ ರಾಜೀನಾಮೆಗೆ ಇವತ್ತಿನವರೆಗೆ ಉತ್ತರವಿಲ್ಲ. ಹಾಗಾದರೆ ನಾನೀಗ ಟ್ರಸ್ಟಿಯೋ ಅಲ್ಲವೋ? ಹೊರಗಿನವರು ಯಾರಾದರೂ ತಿಳಿದುಕೊಳ್ಳಬೇಕು ಅಂದರೆ ನಮ್ಮಲ್ಲಿ ದಾರಿಯೇ ಕಾಣುವುದಿಲ್ಲ. ಸಂಘ ಅಂತ ಮಾಡಿಕೊಂಡಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಬರುತ್ತದೆ. ಕನಿಷ್ಠ ಏಳು ಜನ ಬೇಕು, ಆಡಳಿತ ಮಂಡಳಿಯ ಪಟ್ಟಿಯನ್ನು ವರ್ಷ ವರ್ಷ ರಿಜಿಸ್ಟ್ರಾರ್‌ಗೆ ಕೊಡಬೇಕು. ಎಷ್ಟು ಜನ ಕೊಡುತ್ತಾರೆ ಅನ್ನುವುದು ಬೇರೆ ಮಾತು, ಕೊಡಬೇಕು ಅಂತಾದರೂ ಇದೆ. ಟ್ರಸ್ಟ್ ಹಾಗಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ ಆಯಿತು ಅಂದರೆ ಆಯಿತು. ಮುಂದಿನ ವರ್ಷ ಟ್ರಸ್ಟಿಗಳು ಯಾರು, ಬದುಕಿದ್ದಾರಾ, ಸಭೆ ಸೇರಿದರಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಆದಾಯ ತೆರಿಗೆಯವರು ಕೇಳುತ್ತಾರೆ, ಆದರೆ ಆ ಉತ್ತರ ಅವರ ಹತ್ತಿರ ಇರುತ್ತದೆ, ದಾನಿಗೆ ಕಾಣುವುದಿಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 1950ರ ಪಬ್ಲಿಕ್ ಟ್ರಸ್ಟ್ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಅಂತಲೇ ಕಚೇರಿ ಇದೆ. ಟ್ರಸ್ಟಿ ಬದಲಾದರೆ 90 ದಿನದೊಳಗೆ ಅಲ್ಲಿಗೆ ತಿಳಿಸಬೇಕು. ಇಂಗ್ಲೆಂಡಿನಲ್ಲಂತೂ ಚಾರಿಟಿ ಕಮಿಷನ್ ಇಟ್ಟಿರುವ ಪಟ್ಟಿಯಲ್ಲಿ ಯಾವ ಸಂಸ್ಥೆಯ ಟ್ರಸ್ಟಿಗಳು ಯಾರು, ಲೆಕ್ಕ ಕೊಡೋದು ತಡ ಆಗಿದೆಯಾ ಅನ್ನುವುದನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಅಲ್ಲಿರುವ ನನ್ನ ಮಗಳು ಐದು ಪೌಂಡ್ ಕೊಡೋಕೂ ಮುಂಚೆ ನೋಡುತ್ತಾಳೆ. ನಮ್ಮಲ್ಲಿ ಉಳಿದಿರುವುದು ಸಿವಿಲ್ ಪ್ರೊಸೀಜರ್ ಕೋಡ್‌ನ 92ನೇ ಕಲಂ. ಹಿತಾಸಕ್ತಿ ಇರುವ ಇಬ್ಬರು ಕೋರ್ಟಿನ ಅನುಮತಿ ಪಡೆದು ಟ್ರಸ್ಟಿಗಳ ಮೇಲೆ ದಾವೆ ಹಾಕಬಹುದು. ಉಪ್ಪಿಟ್ಟಿನ ಬಿಲ್ಲಿಗೆ ಯಾರು ಕೋರ್ಟಿಗೆ ಹೋಗುತ್ತಾರೆ ಹೇಳಿ?

ಟ್ರಸ್ಟ್ ಅಂದಾಗೆಲ್ಲ ನನಗೆ ಕಸ್ತೂರಬಾ ನೆನಪಾಗುತ್ತಾರೆ. 1901ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಹೊರಟಾಗ ನೇಟಾಲಿನ ಭಾರತೀಯರು ಚಿನ್ನ, ಬೆಳ್ಳಿ, ವಜ್ರದ ಉಡುಗೊರೆ ಕೊಟ್ಟರು. ಅದರಲ್ಲಿ ಕಸ್ತೂರಬಾಗೆ ಅಂತಲೇ 50 ಗಿನಿ ಬೆಲೆಯ ಚಿನ್ನದ ಸರವೂ ಇತ್ತು. ಗಾಂಧೀಜಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಎಲ್ಲವನ್ನೂ ಸಮುದಾಯಕ್ಕಾಗಿ ಟ್ರಸ್ಟ್ ಮಾಡುವುದಾಗಿ ಪತ್ರ ಬರೆದಿಟ್ಟರು. ಪಾರ್ಸಿ ರುಸ್ತುಂಜಿ ಮತ್ತೆ ಕೆಲವರನ್ನು ಟ್ರಸ್ಟಿಗಳು ಅಂತ ಗೊತ್ತುಮಾಡಿದರು. ಮೊದಲು ಮಕ್ಕಳನ್ನು ಒಪ್ಪಿಸಿ ಆಮೇಲೆ ಹೆಂಡತಿ ಹತ್ತಿರ ಹೋದರು, ಆ ಜಾಣತನ ನೋಡಿ. ಕಸ್ತೂರಬಾ ಸುಲಭಕ್ಕೆ ಬಿಡಲಿಲ್ಲ. ನಾಳೆ ಬರುವ ಸೊಸೆಯರಿಗೆ ಏನು ಇಡಲಿ, ನನ್ನ ಸರದ ಮೇಲೆ ನಿಮಗೇನು ಹಕ್ಕು ಅಂತ ಅತ್ತು ಜಗಳವಾಡಿದರು. ಕೊನೆಗೆ ಕೊಟ್ಟರು. ಆ ಕಥೆಯಲ್ಲಿ ನಾನು ಯಾವತ್ತೂ ಕಸ್ತೂರಬಾ ಕಡೆ.

ಟ್ರಸ್ಟಿನ ದುಡ್ಡು ಅಂದರೆ ಯಾರೋ ಮನಸ್ಸು ಗಟ್ಟಿ ಮಾಡಿ ಕತ್ತಿನಿಂದ ಬಿಚ್ಚಿದ ಸರ. ನಮ್ಮ ಟ್ರಸ್ಟಿಗೆ ಒಬ್ಬ ಅಂಗನವಾಡಿ ಕಾರ್ಯಕರ್ತೆ ಪ್ರತಿ ಯುಗಾದಿಗೆ 1,001 ರೂಪಾಯಿ ಕಳಿಸುತ್ತಿದ್ದರು. ರಸೀದಿ ಬುಕ್ಕಿನಲ್ಲಿ ಅವರ ಹೆಸರು ನೋಡಿದಾಗೆಲ್ಲ ಆ ಹನ್ನೆರಡು ಪ್ಲೇಟು ಕಣ್ಣ ಮುಂದೆ ಬರುತ್ತಿತ್ತು. ಉಳಿದ ಖರ್ಚೆಲ್ಲ ಕಾರ್ಪಸ್, ಅಂದರೆ ಮುಟ್ಟದೆ ಇಡುವ ಮೂಲ ನಿಧಿಯ, ಎಫ್‌ಡಿ ಬಡ್ಡಿಯಲ್ಲೇ ನಡೆಯುತ್ತಿತ್ತು. ಸಾರ್ವಜನಿಕ ಸಂಸ್ಥೆ ಶಾಶ್ವತ ನಿಧಿ ಮೇಲೆ ಬದುಕಬಾರದು, ವರ್ಷ ವರ್ಷ ಜನರ ಹತ್ತಿರ ಕೇಳಿಯೇ ನಡೆಯಬೇಕು ಅಂತ ಗಾಂಧೀಜಿ ಹೇಳಿದ್ದು ಇದಕ್ಕೇ ಇರಬೇಕು. ಬಡ್ಡಿ ಬಂದು ಬೀಳುವಾಗ ಪ್ರಶ್ನೆ ಕೇಳುವವರು ಬರುವುದಿಲ್ಲ.

ಚುನಾವಣೆಗೆ ನಿಲ್ಲುವವರು ತಮ್ಮ ಮೇಲಿನ ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಅಫಿಡವಿಟ್‌ನಲ್ಲಿ ಬರೆಯಬೇಕು ಅಲ್ವಾ? ಅದನ್ನು ತಂದುಕೊಟ್ಟದ್ದೂ ಒಂದು ಸಣ್ಣ ಗುಂಪೇ. 1999ರಲ್ಲಿ ಅಹಮದಾಬಾದ್ ಐಐಎಂನ ಕೆಲವು ಪ್ರೊಫೆಸರುಗಳು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಅಂತ ಸಂಸ್ಥೆ ಕಟ್ಟಿ ದೆಹಲಿ ಹೈಕೋರ್ಟಿಗೆ ಹೋದರು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ನಮ್ಮ ಬೆಂಗಳೂರು ಐಐಎಂಗೆ ಬಂದರು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಮತದಾರನಿಗೆ ಇದೆಲ್ಲ ತಿಳಿಯುವ ಹಕ್ಕಿದೆ ಅಂದಿತು. ಸರ್ಕಾರ ಕಾಯ್ದೆ ತಂದು ಅದನ್ನು ತಡೆಯಲು ನೋಡಿತು, 2003ರ ಮಾರ್ಚಿನಲ್ಲಿ ಕೋರ್ಟ್ ಅದಕ್ಕೂ ಒಪ್ಪಲಿಲ್ಲ. ರಾಜಕಾರಣಿಗಳನ್ನೇ ಬರೆದುಕೊಡಿ ಅಂತ ಕೇಳುವ ನಾವು, ಅವರ ಬಗ್ಗೆ ಮಕ್ಕಳಿಗೆ ಭಾಷಣ ಮಾಡುವ ಸಂಸ್ಥೆಗಳನ್ನು ಕೇಳಬಾರದಾ?

ನಾನು ಕೇಳುವುದು ಒಂದು ಬೋರ್ಡು. ಟ್ರಸ್ಟಿನ ಬಾಗಿಲಲ್ಲಿ, ಪಂಚಾಯಿತಿ ಗೋಡೆ ಮೇಲೆ ಇರುತ್ತದಲ್ಲ ಅಂಥದ್ದು. ಟ್ರಸ್ಟಿಗಳ ಹೆಸರು, ಅವರವರಲ್ಲಿ ಯಾರಿಗೆ ಯಾರು ಏನಾಗಬೇಕು, ಕಳೆದ ವರ್ಷ ಎಷ್ಟು ಸಭೆ, ಯಾರು ಎಷ್ಟಕ್ಕೆ ಬಂದರು. ಸಲಹೆಗಾರರಿಗೂ ಅದೇ. ಬರದವರ ಹೆಸರಿನ ಮುಂದೆ ಸೊನ್ನೆ. ನೀವೂ ಒಂದು ಮಾಡಬಹುದು ಸಂಪಾದಕರೇ. ಇಂಥ ಸಮಾರಂಭದ ಫೋಟೊ ಬಂದಾಗ ವೇದಿಕೆಯ ಒಂಬತ್ತು ಹೆಸರು ಹಾಕುವ ಜಾಗದಲ್ಲಿ ಆ ಮಗುವಿನ ಹೆಸರು, ಊರು ಹಾಕಿ. ಅರ್ಧದಷ್ಟು ಸಲಹೆಗಾರರು ಅಲ್ಲೇ ಉದುರಿಹೋಗುತ್ತಾರೆ.

ಮೊನ್ನೆ ಇನ್ನೊಂದು ಕಡೆಯಿಂದ ಕರೆ ಬಂತು. ಹಳ್ಳಿಯೊಂದರಲ್ಲಿ ಮಕ್ಕಳಿಗೆ ಪುಸ್ತಕ ಓದಿಸುವ ಸಣ್ಣ ಟ್ರಸ್ಟು. ನಡಾವಳಿ ಪುಸ್ತಕ ಕಳಿಸಿ, ನೋಡಿ ಹೇಳುತ್ತೇನೆ ಅಂದೆ. ಕಳಿಸುವುದಿಲ್ಲ ಅಂದುಕೊಂಡಿದ್ದೆ, ಮೂರೇ ದಿನಕ್ಕೆ ಬಂತು. ಮಕ್ಕಳು ಬರೆಯುವ ಇನ್ನೂರು ಪುಟದ ನೋಟ್ ಬುಕ್ಕು, ಮೂಲೆಯಲ್ಲಿ ಕಾಫಿ ಕಲೆ. ಒಂದು ಪುಟದಲ್ಲಿ 'ಕೋರಂ ಇಲ್ಲ, ಸಭೆ ಮುಂದೂಡಿದೆ.' ಮುಂದಿನ ಪುಟದಲ್ಲೂ 'ಕೋರಂ ಇಲ್ಲ.' ಅದರ ಮುಂದಿನ ಪುಟದಲ್ಲಿ 'ಕೋರಂ ಇಲ್ಲ. ಮಳೆ.'

ಓದಿ ಮುಗಿಸಿ ತಕ್ಷಣ ಫೋನ್ ಮಾಡಿ ಬರುತ್ತೇನೆ ಅಂದೆ. ಭಾನುವಾರ ಹತ್ತೂವರೆಗೆ ಸಭೆ. ಕೋರಂಗೆ ಮೂರು ಜನ ಸಾಕಂತೆ. ಇಬ್ಬರು ಗ್ಯಾರಂಟಿ ಅಂದಿದ್ದಾರೆ.

ಇಂತಿ,
ನಿವೃತ್ತ ಲೆಕ್ಕಪರಿಶೋಧಕಿ
ಕುವೆಂಪುನಗರ, ಮೈಸೂರು